ಎರಡು ಸುಳಿ, ಮೂರನೇ ಜಾಗ

ಆಗ ನನಗೆ ಎಪ್ಪತ್ತಾರು. ಈಗ್ಗೆ ಮೂರು ವರ್ಷದ ಮಾತು. ಅಲ್ಲಿಯತನಕ ನಾನು ಊರು ಬಿಟ್ಟು ದೂರ ಹೋಗಿದ್ದು ಅಂದರೆ ಒಂದು ಸಲ ಶ್ರೀಶೈಲ, ಒಂದು ಸಲ ಕಣ್ಣಿನ ಆಪರೇಷನ್ನಿಗೆ ಬಾಗಲಕೋಟಿ. ಅಂಥಾಕಿ ಹಾಲೆಂಡ್ ದೇಶಕ್ಕೆ ಹೋಗಿಬಂದೆ. ನನ್ನ ಓದು ಎರಡನೇ ಇಯತ್ತೆ. ಒತ್ತಕ್ಷರ ಬಂದರೆ ಈಗಲೂ ಕೈ ನಿಲ್ಲುತ್ತದೆ. ಓದುವವರು ಸೈರಿಸಿಕೊಳ್ಳಬೇಕು, ಆಗದಿದ್ದರೆ ಬಿಡಬೇಕು.

ಹುನಗುಂದ

ಹೋದ ಕಾರಣ ಮೊದಲು ಹೇಳುತ್ತೇನೆ. ನನ್ನ ಮಗಳ ಮಗಳು ಭಾಗ್ಯಾ ಅಲ್ಲಿ ದೊಡ್ಡ ಓದು ಓದುತ್ತಿದ್ದಳು. ಓದಿ ಒಂದು ದಪ್ಪ ಪುಸ್ತಕ ಬರೆದಿದ್ದಳು. ತಿಳಿದವರು ಸಾಲಾಗಿ ಕೂತು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ನಿಂತು ಉತ್ತರ ಕೊಟ್ಟರೆ ಡಾಕ್ಟರ್ ಪದವಿ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಇದನ್ನು ನಮ್ಮ ಓಣಿಯವರಿಗೆ ತಿಳಿಸಿ ಹೇಳಿ ನನಗೆ ಸಾಕಾಗಿದೆ. ಇವತ್ತಿಗೂ ಮೊಣಕಾಲು ನೋವಿಗೆ ಏನು ಹಚ್ಚಬೇಕು ಅಂತ ಆಕಿಗೆ ಫೋನ್ ಮಾಡುತ್ತಾರೆ.

ಆ ದೇಶದ ಪದ್ಧತಿಯಂತೆ ಪರೀಕ್ಷೆಗೆ ನಿಂತವರ ಆಚೀಚೆ ಅವರ ಕಡೆಯವರಿಬ್ಬರು ಕೂಡಬೇಕು. ಹಿಂದಿನ ಕಾಲದಲ್ಲಿ ಮಾತು ಬೆಳೆದು ಜಗಳಕ್ಕೆ ಹೋದರೆ ಹೊಡೆದಾಡಲಿಕ್ಕೆ ಆ ಇಬ್ಬರು ಬೇಕಾಗುತ್ತಿದ್ದರಂತೆ. ಭಾಗ್ಯಾನ ಅವ್ವ ಇಳಕಲ್ಲಿನ ಸಾಲಿಯೊಳಗೆ ಟೀಚರ್. ಹುಡುಗರ ಪರೀಕ್ಷೆ ಕಾಲ, ರಜೆ ಸಿಗಲಿಲ್ಲ.

“ಆಯಿ, ನೀನ ಬಾ,” ಅಂದಳು ಭಾಗ್ಯಾ ಫೋನಿನಲ್ಲಿ. “ಜಗಳಾಡೂದ್ರಾಗ ನಿನ್ನಂಥಾಕಿ ನನಗ ಇನ್ನೆಲ್ಲಿ ಸಿಗತಾಳ?”

ಮಾತು ಖರೆ ಇತ್ತು. ಹೊರಟೆ.

ಆಕಿಯ ಪುಸ್ತಕ ಯಾತರದು ಅಂದರೆ ಸುಳಿಯದು. ಕೂದಲಿನ ಸುಳಿ. ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು ನೋಡುವುದಕ್ಕಿಂತ ಮೊದಲು ಸುಳಿ ನೋಡುತ್ತಾರೆ. ಕೂದಲು ಎಲ್ಲಿ ಗುಂಡಗೆ ತಿರುಗಿದೆ, ಎಷ್ಟು ಕಡೆ ತಿರುಗಿದೆ, ಅದರ ಮೇಲೆ ಆ ಎತ್ತು ಮನಿಗೆ ಆಗಿಬರುತ್ತದೋ ಇಲ್ಲವೋ ಹೇಳುತ್ತಾರೆ. ನನ್ನ ಮನಿಯವರು ಅಮೀನಗಡದ ದನದ ಸಂತೆಯೊಳಗೆ ಇದಕ್ಕೆ ಹೆಸರಾದವರು. ಅವರು ಹೋದ ಮೇಲೆ ಕೆಲವರು ನನ್ನನ್ನು ಕರೆದು ತೋರಿಸುತ್ತಿದ್ದರು. ದನದ ಸುಳಿ ನೋಡುವ ಮಂದಿ ಹೆಣ್ಣುಮಕ್ಕಳ ತಲಿಯನ್ನೂ ಬಿಡುವುದಿಲ್ಲ.

ಭಾಗ್ಯಾನ ನೆತ್ತಿಯ ಮೇಲೆ ಎರಡು ಸುಳಿ. ಎರಡು ಸುಳಿ ಅಂದರೆ ಎರಡು ಮದುವಿ ಅನ್ನುತ್ತಾರೆ. ಆಕಿಗೆ ವಯಸ್ಸು ಬಂದಾಗ ಬಾದಾಮಿ ಕಡೆಯವರು ನೋಡಲಿಕ್ಕೆ ಬಂದರು. ಆಕಿಯ ಅವ್ವ ಎಣ್ಣಿ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಎರಡನೇ ಸುಳಿಯ ಮೇಲೆ ಸರಿಯಾಗಿ ಮಲ್ಲಿಗಿ ಮುಡಿಸಿ ಕೂಡಿಸಿದಳು. ಹುಡುಗನ ಸೋದರತ್ತಿ, “ಹೂವು ಭಾಳ ಛಲೋ ಅದಾವಲ್ಲ,” ಅನ್ನುತ್ತ ಹೂವಿನ ಕೆಳಗೆ ಬೆರಳು ಹಾಕಿದಳು. ಮುಖ ಬದಲಾಯಿತು. ಮುಖ ಬದಲಾದರೂ ಉಪ್ಪಿಟ್ಟು, ಶಿರಾ ಎರಡೂ ತಿಂದು ಹೋದರು. ಆಮೇಲೆ ಬೇಡ ಅಂತ ಫೋನ್ ಬಂತು.

ಆ ಹುಡುಗನಿಗೆ ಮುಂದೆ ಎರಡು ಮದುವಿ ಆದವು. ಅವನ ತಲಿಯೊಳಗೆ ಸುಳಿ ಎಷ್ಟಿದ್ದವೋ ನಾವು ನೋಡಿರಲಿಲ್ಲ. ಹೆಣ್ಣಿನ ಕಡೆಯವರು ಗಂಡಿನ ತಲಿ ಕೆದರಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಭಾಗ್ಯಾ ಅಳಲಿಲ್ಲ, ಸಿಟ್ಟಿಗೆದ್ದಳು. ಸುಳಿ ಯಾಕೆ ಬೀಳುತ್ತದೆ ಅಂತ ಹುಡುಕುತ್ತ ಹೋದಳು. ಧಾರವಾಡಕ್ಕೆ ಹೋದಳು, ಅಲ್ಲಿ ಮುಗಿಯಲಿಲ್ಲ. ಹೋಗಿ ಹೋಗಿ ಹಾಲೆಂಡ್ ಮುಟ್ಟಿದಳು. ಸಿಟ್ಟು ಆಕಿಗೆ ನನ್ನ ಕಡೆಯಿಂದ ಬಂದದ್ದು.

ವಿಮಾನ

ವಿಮಾನ ಹತ್ತುವುದಕ್ಕಿಂತ ಮೊದಲು ಬಾಗಿಲಿನ ಚೌಕಟ್ಟಿನಂಥದರೊಳಗೆ ಹಾಯಬೇಕು. ನಾನು ಹಾಯ್ದೆ, ಅದು ಚೀರಿಕೊಂಡಿತು. ಕೊರಳಿನ ಬೆಳ್ಳಿ ಕರಡಿಗಿ ಅದಕ್ಕೆ ಸೇರಲಿಲ್ಲ. ಕರಡಿಗಿಯೊಳಗೆ ಲಿಂಗ ಇರುತ್ತದೆ, ನಮ್ಮವರು ತೆಗೆಯುವುದಿಲ್ಲ.

“ಅಜ್ಜಿ, ಅದನ್ನ ತೆಗೆದು ಈ ಟ್ರೇನಲ್ಲಿ ಇಡಿ,” ಅಂದಳು ಖಾಕಿ ಹಾಕಿದ ಹುಡುಗಿ.

“ನಾ ಹುಟ್ಟಿದಾಗಿಂದ ಕೊರಳಾಗ ಐತವ್ವ. ಗಂಡಗ ಅಂಜಿ ತಗದಿಲ್ಲ, ನಿನ್ನ ಚೌಕಟ್ಟಿಗೆ ಅಂಜಿ ತಗೀಲೇನು?”

ಆಕಿ ಇನ್ನೊಬ್ಬಳನ್ನು ಕರೆದಳು. ಆ ಇನ್ನೊಬ್ಬಳು ನನ್ನ ಮುಖ ನೋಡಿ, ಕೈಯಲ್ಲಿ ಹಿಡಿಯುವ ಯಂತ್ರ ಒಂದು ಸಲ ಆಡಿಸಿ, ಹೋಗ್ರಿ ಅಂದಳು. ಚೀಲದಲ್ಲಿದ್ದ, ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಶೇಂಗಾ ಹಿಂಡಿಯನ್ನು ಮಾತ್ರ ಬಿಚ್ಚಿ ಮೂಸಿದರು. ಮೂಸಿದವರು ಸೀನಿದರು. ಮುಂದೆ ಏನೂ ಕೇಳಲಿಲ್ಲ.

ವಿಮಾನದಲ್ಲಿ ಎದುರಿನ ಟಿವಿಯೊಳಗೆ ನಾವು ಹೋಗುವ ದಾರಿ ತೋರಿಸುತ್ತಾರೆ. ನೋಡಿದರೆ ದಾರಿ ಬಿಲ್ಲಿನ ಹಾಂಗೆ ಬಾಗಿತ್ತು. ನೆಟ್ಟಗೆ ಹೋಗಲಿಕ್ಕೆ ಆಕಾಶದಲ್ಲಿ ಇವರಿಗೆ ಯಾರ ಹೊಲ ಅಡ್ಡ ಬಂತು ಅಂತ ನನಗೆ ಸಿಟ್ಟು ಬಂತು. ಆಮೇಲೆ ಭಾಗ್ಯಾನನ್ನು ಕೇಳಿದೆ. “ನೆಟ್ಟಗ ಹೋಗತದ ಆಯಿ. ಭೂಮಿ ಗುಂಡಗ ಐತಿ. ಗುಂಡಿನ ಮ್ಯಾಲಿನ ಸೀದಾ ದಾರಿ ತಗೊಂಡು ಚಪಾಟ ಹಾಳಿ ಮ್ಯಾಲ ಬರದ್ರ ಸೊಟ್ಟ ಕಾಣತದ,” ಅಂದಳು. ಹಾಗಾದರೆ ಹಾಳಿಯನ್ನು ಗುಂಡಗೆ ಮಾಡಬಾರದೇ? ಕೇಳಲಿಲ್ಲ, ಇನ್ನೂ ಇಳಿದು ಒಂದು ತಾಸು ಆಗಿರಲಿಲ್ಲ.

ಆನಿಯ ಮನಿ

ಭಾಗ್ಯಾ ಊರ ಹೊರಗೆ ಆನಿ ಅನ್ನುವ ಮುದುಕಿಯ ಮನಿಯಲ್ಲಿ ಮಾಳಿಗಿ ಮೇಲಿನ ಖೋಲಿಯೊಳಗೆ ಬಾಡಿಗೆಗಿದ್ದಳು. ಆನಿಗೆ ನನ್ನಷ್ಟೇ ವಯಸ್ಸು, ನನ್ನಕಿಂತ ಎರಡು ಪಟ್ಟು ಎತ್ತರ. ಗಂಡ ತೀರಿಕೊಂಡಿದ್ದ. ಎರಡು ಆಕಳು ಕಟ್ಟಿಕೊಂಡಿದ್ದಳು. ನನ್ನ ಹಾಂಗೆ ಪರೀಕ್ಷೆಯೊಳಗೆ ಭಾಗ್ಯಾನ ಇನ್ನೊಂದು ಬದಿಗೆ ಕೂಡುವಾಕಿ ಇವಳೇ.

ಬಾಗಿಲಲ್ಲೇ ನನ್ನ ಗಲ್ಲಕ್ಕೆ ಗಲ್ಲ ಹಚ್ಚಿ ಮುದ್ದು ಕೊಟ್ಟಳು. ಒಂದು ಈ ಕಡೆ, ಒಂದು ಆ ಕಡೆ. ಮುಗಿಯಿತು ಅಂತ ನಾನು ಮುಖ ತಿರುಗಿಸಿದೆ. ಅಲ್ಲಿ ಮೂರು ಕೊಡುತ್ತಾರಂತೆ. ಮೂರನೆಯದು ನನ್ನ ಮೂಗಿನ ಮೇಲೆ ಬಿತ್ತು. ಇಬ್ಬರ ಕನ್ನಡಕವೂ ಸಿಕ್ಕಿಹಾಕಿಕೊಂಡವು, ಭಾಗ್ಯಾ ಬಂದು ಬಿಡಿಸಿದಳು.

ಆನಿ ಕಾಫಿ ಕೊಟ್ಟಳು. ಬಿಸ್ಕೀಟಿನ ಡಬ್ಬಿ ತೆಗೆದು ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಟಪ್ ಅಂತ ಮುಚ್ಚಳ ಹಾಕಿ ಡಬ್ಬಿ ಕಪಾಟಿನಲ್ಲಿಟ್ಟಳು. ನಾನು ಭಾಗ್ಯಾನ ಮುಖ ನೋಡಿದೆ. “ಇಲ್ಲಿ ಹಂಗ ಆಯಿ, ಕಾಫಿಗೆ ಒಂದ ಬಿಸ್ಕೀಟ,” ಅಂದಳು. ಸರಿ ಅಂತ ನಾನು ಚೀಲದಿಂದ ಅಮೀನಗಡದ ಕರದಂಟಿನ ಡಬ್ಬಿ ತೆಗೆದು ನಡುವೆ ಇಟ್ಟೆ. ಮುಚ್ಚಳ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಆನಿ ಒಂದು ತಿಂದಳು. ಡಬ್ಬಿ ನೋಡಿದಳು, ಮುಚ್ಚಳ ಎಲ್ಲಿದೆ ಅಂತ ನೋಡಿದಳು. ಮುಚ್ಚಳ ಸಿಗದೆ ಮತ್ತೊಂದು ತಿಂದಳು. ಸಂಜಿಯೊಳಗೆ ಡಬ್ಬಿ ಅರ್ಧ ಆಗಿತ್ತು.

ಮಧ್ಯಾಹ್ನದ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಣ್ಣನೆಯ ಬ್ರೆಡ್ಡಿಗೆ ಬೆಣ್ಣಿ ಸವರಿ, ಅದರ ಮೇಲೆ ಇಲಿ ಹಿಕ್ಕಿಯಂಥ ಕಪ್ಪು ಚಾಕಲೇಟಿನ ಚೂರು ಉದುರಿಸಿಕೊಂಡು ದೊಡ್ಡವರೂ ತಿನ್ನುತ್ತಾರೆ. ಕಿಟಕಿಗೆ ಪರದೆ ಎಳೆಯುವುದಿಲ್ಲ. ಸಂಜೆ ಓಣಿಯಲ್ಲಿ ನಡೆದರೆ ಯಾರ ಮನಿಯಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಬಾಗಿಲು ಹಾಕಿದರೂ ಎಲ್ಲರಿಗೂ ಗೊತ್ತಿರುತ್ತದೆ. ನಾನು ನಿಂತು ನೋಡಿದೆ. ಒಳಗಿನವರು ಕೈ ಬೀಸಿದರು. ನಾನೂ ಬೀಸಿದೆ.

ದನದ ಕೊಟ್ಟಿಗಿ

ಮರುದಿನ ಆನಿ ಹಾಲು ಹಿಂಡುವುದನ್ನು ನೋಡಲಿಕ್ಕೆ ಹೋದೆ. ಒಂದು ಆಕಳು ಗಬ್ಬ ಇತ್ತು, ಇನ್ನೊಂದೇ ಹಾಲು ಕೊಡುತ್ತಿತ್ತು. ಆನಿ ಕೂತದ್ದು ಮೂರು ಕಾಲಿನ ಸ್ಟೂಲಿನ ಮೇಲೆ.

“ಬಡವಿ ಪಾಪ, ನಾಕನೇ ಕಾಲಿಗೆ ಕಟಗಿ ಸಾಲಲಿಲ್ಲೇನು?” ಅಂದೆ.

ಭಾಗ್ಯಾನಿಗೆ ಇಂಥದ್ದು ಸಿಕ್ಕರೆ ಹಬ್ಬ. “ಆಯಿ, ನೆಲಾ ಎಷ್ಟ ತಗ್ಗುದಿನ್ನಿ ಇರಲಿ, ಮೂರು ಕಾಲಿಂದು ಅಲಗ್ಯಾಡೂದಿಲ್ಲ. ನಾಕು ಕಾಲಿಂದು ಅಲಗ್ಯಾಡತದ. ಯಾಕ ಹೇಳು?”

“ಬಡಗೇರಾವ ಛಲೋ ಮಾಡಿರತಾನ.”

“ಬಡಗೇರಾವ ಹೆಡ್ಡ ಇದ್ದರೂ ಅಷ್ಟ, ಕಟಗಿ ಸಾಗವಾನಿ ಇದ್ದರೂ ಅಷ್ಟ, ಜಾಲಿ ಇದ್ದರೂ ಅಷ್ಟ. ಮೂರು ಬಿಂದು ಎಲ್ಲಿ ಇಟ್ಟರೂ ಒಂದು ಹಲಗಿ ಅವು ಮೂರಕ್ಕೂ ತಾಗಿ ಕೂಡತದ. ನಾಕನೇದಕ್ಕ ಆ ಭರೋಸಾ ಇಲ್ಲ. ಅದು ಲೆಕ್ಕ.”

ನಮ್ಮ ಹೊಲದಲ್ಲಿ ಒಲಿಗೆ ಮೂರು ಕಲ್ಲು ಇಡುತ್ತಿದ್ದದ್ದು ನೆನಪಾಯಿತು. ಕಲ್ಲು ಹೊರುವ ಕೆಲಸ ಉಳಿಯಲಿ ಅಂತ ಮೂರು ಇಡುತ್ತೇವೆ ಅಂತಲೇ ನಾನು ತಿಳಿದಿದ್ದೆ. ಇದನ್ನು ಆಕಿಗೆ ಹೇಳಲಿಲ್ಲ.

ಆಕಿಯ ಪುಸ್ತಕದ ಜಗಳ ಇದೇ ಅಂತೆ. ಕೆಲವು ಪಂಡಿತರು ಅನ್ನುತ್ತಾರೆ: ಲೆಕ್ಕ ಅಂದರೆ ತಕ್ಕಡಿ ಇದ್ದ ಹಾಗೆ, ಎಷ್ಟು ಭಾರ ಅಂತ ಹೇಳುತ್ತದೆ, ಯಾಕೆ ಭಾರ ಅಂತ ಹೇಳುವುದಿಲ್ಲ. ಯಾಕೆ ಅನ್ನುವುದನ್ನು ಕಟಗಿ ಕಲ್ಲು ಚರ್ಮ ನೋಡಿ ಹೇಳಬೇಕು. ಭಾಗ್ಯಾ ಅನ್ನುತ್ತಾಳೆ: ಒಮ್ಮೊಮ್ಮೆ ಲೆಕ್ಕವೇ ಯಾಕೆ ಅನ್ನುವುದನ್ನೂ ಹೇಳುತ್ತದೆ, ಸ್ಟೂಲಿಗೆ ಹೇಳಿದ ಹಾಗೆ. ಸುಳಿಗೂ ಹೇಳುತ್ತದೆ. ಅದಕ್ಕೆ ಹಣೆಬರಹ ಬೇಕಾಗಿಲ್ಲ.

ನಾನು ಆಗ ಆಕಳ ಹಣಿ ನೋಡುತ್ತಿದ್ದೆ. ಎರಡು ಸುಳಿ, ಒಂದರ ಕೆಳಗೆ ಒಂದು.

“ಭಾಗ್ಯಾ, ಇದನ್ನ ಮಾರಿಬಿಡಂತ ಹೇಳು. ಇದು ಮನಿ ಯಜಮಾನಗ ಕೇಡು. ನೋಡು, ಗಂಡ ಹೋಗ್ಯಾನ.”

“ಆಕಿ ಗಂಡ ತೀರಿಕೊಂಡು ಹನ್ನೆರಡು ವರ್ಷ ಆತು ಆಯಿ. ಆಕಳಿಗೆ ಇನ್ನಾ ಐದು ವರ್ಷ.”

“ಹಂಗಾದ್ರ ಈ ಆಕಳ ಬರೂದು ಅವಗ ಮೊದಲ ಗೊತ್ತಾಗಿರಬೇಕು.”

ಭಾಗ್ಯಾ ನಗಲಿಲ್ಲ. “ಆಕಳಿಗೆ ಕೇಡಂತಿ. ನನ್ನ ತಲಿಗೆ ಏನಂತಿ?”

“ನಿಂದು ಬ್ಯಾರೆ. ದನದ ಮಾತು ಬ್ಯಾರೆ.”

“ಯಾಕ ಬ್ಯಾರೆ?”

“ಬ್ಯಾರೆ ಅಂದ್ರ ಬ್ಯಾರೆ.”

ಆಕಿ ಎದ್ದುಹೋದಳು. ಆ ಆಕಳ ಹಾಲು ನನಗೆ ಬೇಡ ಅಂದೆ. ಆವತ್ತಿನಿಂದ ಕರಿ ಚಹಾ ಕುಡಿದೆ. ಆನಿ ದಿನಾ ಹಾಲಿನ ಜಗ್ಗು ನನ್ನ ಕಡೆ ಸರಿಸುತ್ತಿದ್ದಳು, ನಾನು ದಿನಾ ಆಕಿಯ ಕಡೆ ಸರಿಸುತ್ತಿದ್ದೆ. ಕಾರಣ ಆಕಿಗೆ ಯಾರೂ ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ

ಮಧ್ಯಾಹ್ನ ಭಾಗ್ಯಾ ಊಟ ಬಿಟ್ಟಳು. ಕೇಳಿದರೆ, ಪ್ರಶ್ನೆ ಕೇಳುವವರಲ್ಲಿ ಒಬ್ಬರು ಮೊದಲೇ ತಿಳಿಸಿದ್ದರಂತೆ, ನಾಳೆ ನಾನು ಇದನ್ನೇ ಕೇಳುವವನು, ತಯಾರಾಗಿ ಬಾ ಅಂತ.

“ಚೆಂಡಿನ ತುಂಬ ಕೂದಲಿದ್ದರ, ಯಾರ ಎಷ್ಟ ಬಾಚಿದರೂ ಎಲ್ಲೋ ಒಂದ ಕಡೆ ಸುಳಿ ಬಿದ್ದ ಬೀಳತದ ಆಯಿ,” ಅಂದಳು. “ಅದು ಲೆಕ್ಕದಾಗ ಸಿದ್ಧ ಆಗೇತಿ. ಆ ಲೆಕ್ಕಾನ ನಾ ತಲಿಗೆ ಹಚ್ಚೀನಿ. ಅವರಂತಾರ, ತಲಿ ಚೆಂಡಲ್ಲ. ಮಾರಿ ಮ್ಯಾಲ ಕೂದಲಿಲ್ಲ, ಕುತಗಿಗೆ ಇಲ್ಲ. ತಲಿ ಒಂದು ಟೊಪಗಿ ಇದ್ದಂಗ. ಟೊಪಗಿ ಮ್ಯಾಲಿನ ಕೂದಲ ಒಂದ ಕಡೆಗೆ ಬಾಚಿ ಮುಗಸಬಹುದು, ಸುಳಿ ಬೇಕಂತ ಇಲ್ಲ. ಖರೇನ ಐತಿ ಅವರ ಮಾತು.”

“ಅಂದ್ರ ಡಿಗ್ರಿ ಕೊಡೂದಿಲ್ಲೇನು?”

“ಕೊಟ್ಟರೂ ಕೊಟ್ಟಾರು. ಡಿಗ್ರಿದ್ದಲ್ಲ. ನನ್ನ ತಲಿಗೆ ಲೆಕ್ಕ ಹತ್ತದಿದ್ದರ ಉಳದದ್ದು ಏನು? ಆ ಸೋದರತ್ತಿ ಹೇಳಿದ್ದ ಉಳೀತು.”

“ನಾಳೆ ನೀ ಸೋತ್ರ ಎರಡು ಮದುವಿ ಆಗಿಬಿಡತಾವೇನ? ನಮಗ ಇಲ್ಲಿ ಒಂದ ಆಗವಲ್ದು.”

ಆಗ ಸ್ವಲ್ಪ ನಕ್ಕಳು. ನಕ್ಕರೂ ಊಟ ಮಾಡಲಿಲ್ಲ.

ನಾನು ತಲಿ ಬಾಚುತ್ತೇನೆ ಬಾ ಅಂತ ಕೂಡಿಸಿಕೊಂಡೆ. ನಾಳೆ ಅಷ್ಟು ಮಂದಿ ಸಾಲಾಗಿ ಕೂತು ಹುಡುಗಿಯನ್ನು ನೋಡುತ್ತಾರೆ, ಎರಡನೇ ಸುಳಿ ಕಾಣಬಾರದು ಅನ್ನುವುದು ನನ್ನ ಲೆಕ್ಕ. ಎಲ್ಲ ಕೂದಲು ಹಿಂದಕ್ಕೆ ಒತ್ತಿ ಬಾಚಿದೆ. ಮುಂಗೂದಲು ಎದ್ದು ಮತ್ತೆ ಹಣಿ ಮೇಲೆ ಬಿದ್ದವು. ಬದಿಗೆ ಬಾಚಿದೆ, ಕಿವಿ ಕಡೆಯವು ಕಿವಿಗೇ ಹೋದವು. ಎಣ್ಣಿ ಹಚ್ಚಿದೆ, ನೀರು ಹಚ್ಚಿದೆ. ಬಾಚಣಿಕಿ ಎತ್ತಿದ ಕೂಡಲೇ ಎಲ್ಲ ತಮ್ಮ ತಮ್ಮ ಕಡೆ.

“ಒಂದಕ್ಕರ ಮಾತು ಕೇಳೂ ಗುಣ ಇಲ್ಲ. ಥೇಟ್ ನಿನ್ನಂಥಾವ ಕೂದಲ,” ಅಂದೆ.

ಭಾಗ್ಯಾ ತನ್ನ ಕೈ ಎತ್ತಿ ಹಣಿಯ ಅಂಚು ಮುಟ್ಟಿಕೊಂಡಳು, ಕಿವಿಯ ಮೇಲೆ ಮುಟ್ಟಿಕೊಂಡಳು, ಹಿಂದೆ ಕುತ್ತಿಗಿಯ ಮೇಲೆ ಮುಟ್ಟಿಕೊಂಡಳು. ಎದ್ದಳು. ಬಾಚಣಿಕಿ ಕೂದಲೊಳಗೇ ಇತ್ತು, ಹಾಗೇ ಹೋಗಿ ಹಾಳಿ ತೆಗೆದುಕೊಂಡು ಒಂದು ಗುಂಡು ಬರೆದು ಅದರ ಸುತ್ತ ಬಾಣ ಬರೆಯಲಿಕ್ಕೆ ಕೂತಳು. ಸಂಜಿತನಕ ಬರೆದಳು. ಆಮೇಲೆ ಎರಡು ರೊಟ್ಟಿ ತಿಂದಳು.

ಆಯಿ ಬಾಚಣಿಕಿಯಿಂದ ನನಗೆ ತಿಳೀತು ಅಂತ ಆಕಿ ಈಗ ಎಲ್ಲರ ಮುಂದೆ ಹೇಳುತ್ತಾಳೆ. ಸುಳ್ಳು. ನಾನು ಸುಳಿ ಮುಚ್ಚಲಿಕ್ಕೆ ಬಾಚುತ್ತಿದ್ದೆ, ಬ್ಯಾರೆ ಏನೂ ಇಲ್ಲ.

ಕರಿ ನಿಲುವಂಗಿಯವರು

ಬೆಳಿಗ್ಗೆ ನಾನು ಮತ್ತೆ ಹಿಡಿದು ಕೂಡಿಸಿ, ಬಿಗಿಯಾಗಿ ತುರುಬು ಕಟ್ಟಿ, ಸುಳಿಯ ಮೇಲೆ ಮಡಿಕಿ ಬರುವ ಹಾಗೆ ಪಿನ್ನು ಹಾಕಿದೆ. ಆಕಿ ಇಳಕಲ್ ಸೀರಿ ಉಟ್ಟಳು, ನಾನೂ ಉಟ್ಟೆ. ಆನಿಗೂ ಒಂದು ಉಡಿಸಿದೆವು. ಆಕಿಯ ಎತ್ತರಕ್ಕೆ ಸೀರಿ ಮೊಣಕಾಲ ಕೆಳಗೆ ಮುಗಿಯಿತು. ಆನಿಗೆ ಅದು ಚಲೋ ಅನಿಸಿತು, ಸೈಕಲ್ ಹೊಡೆಯಲಿಕ್ಕೆ ಬರುತ್ತದೆ ಅಂದಳು. ಹೊಡೆದೂ ಹೊಡೆದಳು.

ಪರೀಕ್ಷೆ ನಡೆದದ್ದು ಒಂದು ದೊಡ್ಡ ಹಾಲ್‌ನಲ್ಲಿ. ಕೋಲು ಹಿಡಿದ ಒಬ್ಬ ಹೆಂಗಸು ಮುಂದೆ, ಆಕಿಯ ಹಿಂದೆ ಕರಿ ನಿಲುವಂಗಿ, ಕರಿ ಟೊಪಗಿ ಹಾಕಿದವರು ಸಾಲಾಗಿ ಬಂದರು. ಎಲ್ಲರೂ ಎದ್ದು ನಿಂತೆವು. ಅವರು ಎದುರು ಬದುರು ಕೂತು ಹುಡುಗಿಯ ಮುಖ ನೋಡಿದರು. ಇದು ನನಗೆ ಗೊತ್ತಿದ್ದ ಕಾರ್ಯಕ್ರಮವೇ. ಬರುತ್ತಾರೆ, ಕೂಡುತ್ತಾರೆ, ಏನು ಓದಿದ್ದೀ ಏನು ಬರುತ್ತದೆ ಅಂತ ಕೇಳುತ್ತಾರೆ, ಹೊರಗೆ ಹೋಗಿ ತಮ್ಮೊಳಗೆ ಮಾತಾಡಿಕೊಂಡು ಬಂದು ಒಪ್ಪಿಗೆ ಹೇಳುತ್ತಾರೆ. ಉಪ್ಪಿಟ್ಟು ಒಂದಿರಲಿಲ್ಲ.

ಮಾತೆಲ್ಲ ಇಂಗ್ಲಿಷ್. ಭಾಗ್ಯಾ ಆಮೇಲೆ ನನಗೆ ತಿಳಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಮೊದಲಿನವರು ಸುಮ್ಮನೆ ಕೇಳಿದರು. ಆಮೇಲೆ, ಇದನ್ನೇ ಕೇಳುತ್ತೇನೆ ಅಂತ ಮೊದಲೇ ತಿಳಿಸಿದ್ದವರು ಟೊಪಗಿ ತೆಗೆದು ಮೇಜಿನ ಮೇಲೆ ಇಟ್ಟು ಶುರು ಮಾಡಿದರು. ಟೊಪಗಿ ಕೆಳಗೆ ಒಂದು ಕೂದಲಿಲ್ಲ. ಬೋಳು ಅಂದರೆ ಬೋಳು, ತಿಕ್ಕಿ ತೊಳೆದ ತಾಮ್ರದ ಚರಿಗಿ. ತಲಿ ತುಂಬ ಕೂದಲಿರುವುದಿಲ್ಲ ಅಂತ ಇವರಿಗೆ ಹೊಳೆದದ್ದು ಹೇಗೆ ಅಂತ ನನಗೆ ಆಗ ತಿಳಿಯಿತು.

ತಲಿ ಚೆಂಡಲ್ಲ ಅಂದರು. ಭಾಗ್ಯಾ, ಹೌದು ಚೆಂಡಲ್ಲ, ನಾನು ಬರೆದದ್ದು ತಪ್ಪು ಅಂದಳು. ಸಭೆಯೊಳಗೆ ಗುಸುಗುಸು ಆಯಿತು. ಆಕಿ ಹಲಗಿಯ ಮೇಲೆ ಒಂದು ಗುಂಡು ಬರೆದಳು. ಚೆಂಡು ಬೇಕಿಲ್ಲ, ಅಂಚು ಸಾಕು ಅಂದಳು. ಮುಂಗೂದಲು ಮುಂದೆ ಬೀಳುತ್ತವೆ, ಕಿವಿ ಕಡೆಯವು ಕಿವಿಗೆ, ಹಿಂದಿನವು ಹಿಂದೆ. ಅಂಚಿನ ಸುತ್ತಲೂ ಎಲ್ಲ ಹೊರಗೆ ಮುಖ ಮಾಡಿದ್ದರೆ, ನಡುವೆ ಎಲ್ಲಾದರೂ ಒಂದು ಕಡೆ ಕೂದಲಿಗೆ ಯಾವ ದಿಕ್ಕೂ ಇಲ್ಲದ ಜಾಗ ಇರಲೇಬೇಕು. ಇಲ್ಲದಿರಲಿಕ್ಕೆ ಬರುವುದಿಲ್ಲ. ಅದೇ ಸುಳಿ.

ಬೋಳು ತಲಿಯವರು ಬಿಡಲಿಲ್ಲ. ಹೊಟ್ಟಿಯೊಳಗೆ ಕೂಸು ಬೆಳೆಯುವಾಗ ಚರ್ಮ ಎಳೆದು ಕೂದಲು ತಿರುಗುತ್ತವೆ, ಕಾರಣ ಅದು. ನಿನ್ನ ಲೆಕ್ಕ ಆದದ್ದನ್ನು ಆದಮೇಲೆ ಹೇಳುತ್ತದೆ, ಅಷ್ಟೇ ಅಂದರು.

ಚರ್ಮ ಎಳೆದದ್ದು ಸುಳಿ ಎಲ್ಲಿ ಬಿತ್ತು, ಎಷ್ಟು ಬಿದ್ದವು ಅನ್ನುವುದನ್ನು ಹೇಳುತ್ತದೆ ಅಂದಳು ಭಾಗ್ಯಾ. ಒಂದೂ ಇಲ್ಲದ ತಲಿ ಯಾಕೆ ಹುಟ್ಟುವುದಿಲ್ಲ ಅನ್ನುವುದನ್ನು ಲೆಕ್ಕ ಹೇಳುತ್ತದೆ. ಮತ್ತೆ, ಆದದ್ದನ್ನಷ್ಟೇ ಹೇಳುವುದಾದರೆ ಯಾರೂ ನೋಡದ್ದನ್ನು ಅದು ಹೇಳಬಾರದಲ್ಲ? ತಲಿಯೊಳಗೆ ಎರಡು ಸುಳಿ ಇದ್ದರೆ, ನಡುವೆ ಮೂರನೇ ಜಾಗ ಒಂದು ಇರಲೇಬೇಕು ಅನ್ನುತ್ತದೆ ಲೆಕ್ಕ. ಆ ಕಡೆಯ ಕೂದಲು ಈ ಕಡೆಯ ಕೂದಲು ಎದುರು ಬಂದು, ಬಡಿದು, ಎರಡು ಬದಿಗೆ ಸರಿದು ಹೋಗುವ ಜಾಗ. ಇದನ್ನು ಯಾರೂ ಹುಡುಕಿಲ್ಲ, ಇದಕ್ಕೆ ಹೆಸರಿಟ್ಟು ಮದುವಿ ಮುರಿದಿಲ್ಲ. ನನ್ನ ತಲಿಯೊಳಗೆ ಎರಡು ಸುಳಿ ಇವೆ. ನಿನ್ನೆ ನಾನು ಲೆಕ್ಕ ಮಾಡಿದ್ದೇನೆ, ನೋಡಿಲ್ಲ. ನನ್ನ ಕಣ್ಣಿಗೆ ನನ್ನ ನೆತ್ತಿ ಕಾಣುವುದಿಲ್ಲ. ನೀವು ನೋಡಿ ಅಂದಳು.

ಇದ್ಯಾವುದೂ ಆಗ ನನಗೆ ಗೊತ್ತಾಗಲಿಲ್ಲ. ನನಗೆ ಕಂಡದ್ದು ಇಷ್ಟು: ಹುಡುಗಿ ತುರುಬಿಗೆ ಕೈ ಹಾಕಿ, ನಾನು ಅಷ್ಟೊತ್ತು ಕೂತು ಹಾಕಿದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಇಟ್ಟಳು. ಕೂದಲು ಬಿಚ್ಚಿಬಿತ್ತು. ಬೋಳು ತಲಿಯವರು ಎದ್ದು ಬಂದು, ಕನ್ನಡಕ ಏರಿಸಿ, ಆಕಿಯ ನೆತ್ತಿಯ ಕಡೆ ಬೆರಳು ತಂದರು.

ಬಾದಾಮಿಯ ಆ ಹೆಂಗಸಿನ ಬೆರಳು ನನ್ನ ಕಣ್ಣ ಮುಂದೆ ಬಂತು. ನಾನು ಎದ್ದೆ. ನಾನು ಅಲ್ಲಿ ಕೂತದ್ದೇ ಅದಕ್ಕೆ. ಅವರ ಮಣಿಕಟ್ಟು ಹಿಡಿದೆ. ಎತ್ತಿನ ಹಗ್ಗ ಹಿಡಿದ ಕೈ, ಬಿಗಿ ಇರುತ್ತದೆ.

“ಕೈ ಹಿಂದ ತಗೀರಿ. ಕೂತು ಮಾತಾಡ್ರಿ. ನಮ್ಮ ಹುಡುಗಿ ತಲಿ ಕೆದರೂದು ಬ್ಯಾಡ.”

ಆ ಬದಿಯಿಂದ ಆನಿಯೂ ಎದ್ದಳು, ಯಾಕೆ ಅಂತ ಆಕಿಗೂ ಗೊತ್ತಿರಲಿಲ್ಲ. ಕೋಲಿನ ಹೆಂಗಸು ಬಾಗಿಲಲ್ಲಿ ಇಣುಕಿದಳು.

“ಆಯಿ,” ಅಂದಳು ಭಾಗ್ಯಾ. “ಬಿಡು. ಅವರು ಹುಡಕಾಕತ್ತಿಲ್ಲ. ನಾನ ತೋರಸಾಕತ್ತೀನಿ.”

ಬಿಟ್ಟೆ. ಆಕಿ ತಲಿ ಬಾಗಿಸಿದಳು. ಅವರು ನೋಡಿದರು, ಬಹಳ ಹೊತ್ತು ನೋಡಿದರು. ಬಾಯಿಯಿಂದ ಏನೋ ಸಣ್ಣಗೆ ಸದ್ದು ಬಂತು. ಆಮೇಲೆ ಬದಿಗೆ ಸರಿದು, ನೀವೂ ನೋಡಿರಿ ಅಂತ ನನಗೆ ಕೈ ಮಾಡಿದರು.

ಎರಡು ಸುಳಿ ನನಗೆ ಗೊತ್ತಿದ್ದವೇ. ಅವುಗಳ ನಡುವೆ ನೋಡಿದೆ. ಅಲ್ಲಿತ್ತು. ಈ ಸುಳಿಯಿಂದ ಬಂದ ಕೂದಲು, ಆ ಸುಳಿಯಿಂದ ಬಂದ ಕೂದಲು, ಮುಖಾಮುಖಿ ನಿಂತು, ಅರ್ಧ ಮುಂದೆ ಅರ್ಧ ಹಿಂದೆ ಸರಿದು ಹೋಗಿದ್ದವು, ನಾಲ್ಕು ದಾರಿ ಕೂಡಿದಲ್ಲಿ ಮಂದಿ ಸರಿದು ಹೋದ ಹಾಗೆ. ಕೂಸಿದ್ದಾಗಿನಿಂದ ಆ ತಲಿಗೆ ಎಣ್ಣಿ ತಿಕ್ಕಿದ್ದು ನಾನೇ. ಆ ಜಾಗ ನಾನು ಒಂದು ದಿನ ನೋಡಿರಲಿಲ್ಲ. ಸುಳಿ ಎಣಿಸಿದ್ದೆ, ಕೈ ತೊಳಕೊಂಡಿದ್ದೆ.

ಅಷ್ಟರಲ್ಲಿ ಕೋಲಿನ ಹೆಂಗಸು ಒಳಗೆ ಬಂದು ಕೋಲು ಕುಟ್ಟಿ ಏನೋ ಕೂಗಿದಳು. ಹೊತ್ತು ಮುಗಿಯಿತು ಅಂತ ಅದರ ಅರ್ಥ. ಯಾರ ಬಾಯಲ್ಲಿ ಯಾವ ಮಾತಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ನಮ್ಮ ಕಡೆ ಸಭೆಗಳಿಗೂ ಇಂಥಾಕಿ ಒಬ್ಬಳು ಬೇಕು.

ಅವರು ಹೊರಗೆ ಹೋಗಿ ಮಾತಾಡಿಕೊಂಡು ಬಂದು, ಕೆಂಪು ಕೊಳವಿಯಲ್ಲಿ ಸುತ್ತಿಟ್ಟ ಕಾಗದ ಭಾಗ್ಯಾನ ಕೈಗೆ ಕೊಟ್ಟರು. ಆಕಿ ಕೂದಲು ಬಿಚ್ಚಿಕೊಂಡೇ ನಿಂತಿದ್ದಳು. ಆ ದೇಶದಲ್ಲಿ ಗೆದ್ದವರಿಗಷ್ಟೇ ಅಲ್ಲ, ಅವರ ಮಂದಿಗೂ ಅಭಿನಂದನೆ ಹೇಳುತ್ತಾರೆ. ಗೊತ್ತಿಲ್ಲದವರೆಲ್ಲ ಬಂದು ನನ್ನ ಕೈ ಕುಲುಕಿದರು. ನಾನೇನು ಮಾಡಿದ್ದೆ? ಪಿನ್ನು ಹಾಕಿದ್ದೆ, ಅದನ್ನೂ ಕಿತ್ತಿದ್ದರು.

ಬೋಳು ತಲಿಯವರು ಮಣಿಕಟ್ಟು ತಿಕ್ಕಿಕೊಳ್ಳುತ್ತ ಬಂದರು. ಭಾಗ್ಯಾ ನಡುವೆ ನಿಂತು ಮಾತು ದಾಟಿಸಿದಳು.

“ತಮ್ಮ ತಲಿಯೊಳಗ ಎಷ್ಟು ಸುಳಿ ಇದ್ದಾವು ಹೇಳ್ರಿ ಅಂತಾರ, ಆಯಿ.”

“ಕೂದಲಿದ್ದಾಗ ಬರಬೇಕಾಗಿತ್ತಂತ ಹೇಳು.”

ಅವರು ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ. ಕರದಂಟು ಕೊಟ್ಟೆ.

ಆವತ್ತು ಸಂಜೆ ಮನಿಗೆ ಬಂದು ಚಹಾ ಮಾಡುವಾಗ ಭಾಗ್ಯಾ ಹಾಲಿನ ಜಗ್ಗು ನನ್ನ ಮುಂದೆ ತಂದು ಇಟ್ಟಳು.

“ಈಗರ?” ಅಂದಳು.

“ದನದ ಮಾತು ಬ್ಯಾರೆ,” ಅಂದೆ.

ಆಕಿ ಜಗ್ಗು ತೆಗೆದಿಟ್ಟಳು. ಜಗಳಾಡಲಿಲ್ಲ. ಅದು ನನಗೆ ಸೇರಲಿಲ್ಲ.

ಮರುದಿನ

ಮರುದಿನ ಮುಂಜಾನೆ ಭಾಗ್ಯಾ ಇನ್ನೂ ಮಲಗಿದ್ದಳು. ಆನಿಯ ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗಿಗೆ ಹೋದೆ. ಮೂರು ಕಾಲಿನ ಸ್ಟೂಲು ಎಳೆದು ಆಕಳ ಮುಖದ ಮುಂದೆ ಹಾಕಿಕೊಂಡು ಕೂತೆ. ಅಲುಗಾಡಲಿಲ್ಲ. ಆಕಳ ಹಣಿ ಹಿಡಿದು ಬೆಳಕಿಗೆ ತಿರುಗಿಸಿದೆ. ಮೇಲೊಂದು ಸುಳಿ, ಕೆಳಗೊಂದು ಸುಳಿ. ಮೇಲಿನದರ ಕೂದಲು ಕೆಳಗೆ ಇಳಿದಿತ್ತು, ಕೆಳಗಿನದರ ಕೂದಲು ಮೇಲೆ ಹತ್ತಿತ್ತು. ನಡುವೆ ಬೆರಳಿಟ್ಟು ಹುಡುಕಿದೆ. ಮೂರನೇ ಜಾಗ ಅಲ್ಲೇ ಇತ್ತು, ಎಲ್ಲಿ ಇರಬೇಕಾಗಿತ್ತೋ ಅಲ್ಲಿ.

ಆಕಳು ನನ್ನ ಕೈ ನೆಕ್ಕಿತು. ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ, ಆನಿ ಆಗಷ್ಟೇ ಹಿಂಡಿ ಇಟ್ಟಿದ್ದ ಹಾಲು ಪಾತೇಲಿಗೆ ಸುರಿದು, ಶುಂಠಿ ಜಜ್ಜಿ ಹಾಕಿ ಚಹಾ ಕಾಸಿದೆ. ಆನಿಗೆ ಒಂದು ಕಪ್ಪು ಕೊಟ್ಟೆ. ನಾನು ಎರಡು ಕುಡಿದೆ.